ಕ್ಯೋಟೊದಲ್ಲಿ ನಾನು ಎತ್ತಿದ ಕಲ್ಲು

ನನ್ನ ನಾಗರಿಕ ಪ್ರಜ್ಞೆಯ ಫಲವನ್ನು ಉಂಡವರು ನನ್ನ ಅಣ್ಣನ ಹೆಂಡತಿ ಸುಶೀಲತ್ತಿಗೆ. ಕೊಕ್ಕರ್ಣೆಯಿಂದ ಜಪಾನಿನ ಕ್ಯೋಟೊ ನಗರದವರೆಗೆ ಅವರು ಹೋದದ್ದು ಒಂದೇ ಒಂದು ಆಸೆಯಿಂದ: ಊರ ನಡುವಿನ ನಿಜೊ ಕೋಟೆಯಲ್ಲಿ, ಕಾಲಿಟ್ಟರೆ ಹಕ್ಕಿಯಂತೆ ಕೂಗುವ ಮರದ ನೆಲವಿದೆಯಂತೆ, ಅದರ ಮೇಲೆ ನಾಲ್ಕು ಹೆಜ್ಜೆ ನಡೆಯಬೇಕು. ಅವರು ನಡೆಯಲಿಲ್ಲ. ನಡೆಯದಂತೆ ಮಾಡಿದವಳು ನಾನು. ಇದನ್ನು ಮೊದಲೇ ದಾಖಲಿಸಿಬಿಡುವುದು ಒಳ್ಳೆಯದು. ಯಾವ ಅನ್ಯಾಯವನ್ನೇ ಆಗಲಿ ಹೊಣೆಗಾರರ ಹೆಸರು ಹೇಳದೆ ವಿವರಿಸಬಾರದೆಂದು ಊರಿಗೆಲ್ಲ ಪಾಠ ಹೇಳಿದವಳೂ ನಾನೇ ತಾನೆ.

ನಾನು ಕುಂದಾಪುರದ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಯೌವನದಲ್ಲಿ ಓದುಬಳಗ, ಸಾಕ್ಷರತೆಯ ಜಾಥಾ, ಬೀದಿನಾಟಕ ಎಂದು ಮೂರು ತಾಲೂಕು ಅಲೆದವಳು. ಕಣ್ಣಿಗೆ ಬಿದ್ದ ತಪ್ಪನ್ನು ಹೆಸರು ಹಿಡಿದು ಕರೆಯದೆ ಮುಂದೆ ಹೋಗುವವರು ಆ ತಪ್ಪಿನಲ್ಲಿ ಪಾಲುದಾರರು ಎಂದು ಆಗ ನಮಗೆ ಕಲಿಸಲಾಗಿತ್ತು. ಜೊತೆಯವರು ಮದುವೆ, ಮಕ್ಕಳು, ಮಂಡಿನೋವು ಎನ್ನುತ್ತ ಕ್ರಮೇಣ ಅದನ್ನು ಮರೆತರು. ನಾನು ಮರೆಯಲಿಲ್ಲ. ದಾರಿದೀಪ ಹಗಲಿನಲ್ಲಿ ಉರಿದರೆ ಮನವಿ, ಇರುಳಿನಲ್ಲಿ ಉರಿಯದಿದ್ದರೆ ಮನವಿ. ಮದುವೆಯ ಊಟದಲ್ಲಿ ಪ್ಲಾಸ್ಟಿಕ್ ಲೋಟ ಕಂಡರೆ ಹುಡುಗಿಯ ತಂದೆಗೆ ಅಲ್ಲಿಯೇ ಮೌಖಿಕ ಮನವಿ. ನನ್ನ ಮನವಿಗಳಲ್ಲಿ 'ವಿಷಯ' ಇರುತ್ತದೆ, 'ಉಲ್ಲೇಖ' ಇರುತ್ತದೆ, ಕೊನೆಯಲ್ಲಿ ನಿರ್ದಿಷ್ಟವಾದ ಬೇಡಿಕೆ ಇರುತ್ತದೆ. ಉತ್ತರ ಮಾತ್ರ ಇರುವುದಿಲ್ಲ.

ನನ್ನ ಚಳವಳಿಗಳಲ್ಲೆಲ್ಲ ದೀರ್ಘಾಯುಷಿಯಾದದ್ದು ಕಲ್ಲಿನ ಚಳವಳಿ. ಸಿದ್ದಾಪುರದ ಕಡೆಯಿಂದ ಇಳಿಯುವ ರಸ್ತೆಯಲ್ಲಿ ಲಾರಿ ಕೆಟ್ಟು ನಿಂತರೆ ಚಾಲಕರು ಚಕ್ರಕ್ಕೆ ಅಡ್ಡವಾಗಿ ಒಂದು ಮುರಕಲ್ಲನ್ನು ಇಡುತ್ತಾರೆ. ಇಡಲಿ, ತಪ್ಪಲ್ಲ. ಲಾರಿ ಸರಿಯಾಗುತ್ತದೆ, ಹಾರನ್ ಹೊಡೆದುಕೊಂಡು ಹೊರಟುಹೋಗುತ್ತದೆ. ಕಲ್ಲು ಅಲ್ಲಿಯೇ ಉಳಿಯುತ್ತದೆ. ಮಬ್ಬುಗತ್ತಲಿನಲ್ಲಿ ಬೈಕಿನವರು ಅದರ ಮೇಲೆ ಹೋಗಿ ಬೀಳುತ್ತಾರೆ. ಇದು ಅಪಘಾತವಲ್ಲ, ಅಪರಾಧ ಎಂದು ನಾನು ಸಂಬಂಧಪಟ್ಟವರಿಗೂ ಸಂಬಂಧಪಡದವರಿಗೂ ಬರೆದಿದ್ದೇನೆ. ಬರೆದದ್ದಷ್ಟೇ ಅಲ್ಲ, ರಸ್ತೆಯ ನಡುವೆ ಕಲ್ಲು ಕಂಡಲ್ಲಿ ಸ್ಕೂಟರ್ ನಿಲ್ಲಿಸಿ, ಸೆರಗು ಸಿಕ್ಕಿಸಿಕೊಂಡು, ಅದನ್ನು ಬದಿಗೆ ಸರಿಸದೆ ಮುಂದೆ ಹೋದವಳಲ್ಲ. ಹೀಗಾಗಿ ನನಗೆ ಊರಿನಲ್ಲಿ 'ಕಲ್ಲ್ ಟೀಚರ್' ಎಂಬ ಹೆಸರಿದೆ. ಗೌರವಕ್ಕೆ ಹೇಳುತ್ತಾರೋ ಹಾಸ್ಯಕ್ಕೋ ಎಂದು ನಾನು ವಿಚಾರಿಸಲು ಹೋಗಿಲ್ಲ. ಕೆಲವು ತನಿಖೆಗಳನ್ನು ತೆರೆಯದೆ ಬಿಡುವುದು ತನಿಖಾಧಿಕಾರಿಯ ಆರೋಗ್ಯಕ್ಕೆ ಒಳ್ಳೆಯದು.

ಇಂಥ ನಾನು ವಿದೇಶ ಪ್ರವಾಸಕ್ಕೆ ಹೊರಟದ್ದೇ ಒಂದು ಸೈದ್ಧಾಂತಿಕ ಪತನ. ಬೈಂದೂರಿನ ಚಂದ್ರಣ್ಣ ವರ್ಷಕ್ಕೊಂದು ಪ್ರವಾಸ ಕರೆದುಕೊಂಡು ಹೋಗುತ್ತಾರೆ. ಮುಂಬಯಿಯಲ್ಲಿ ಬಹುಕಾಲ ಹೋಟೆಲು ನಡೆಸಿದ ಅವರಿಗೆ ಒಂದು ಬಸ್ಸು ತುಂಬ ಜನರ ಹಸಿವು, ಸಿಟ್ಟು, ನಿದ್ದೆಗಳನ್ನು ಏಕಕಾಲಕ್ಕೆ ನಿಭಾಯಿಸುವ ವಿದ್ಯೆ ಕರಗತ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಮಂದಿ ಅವರನ್ನು ನಂಬಿ ಕುಚ್ಚಲಕ್ಕಿಯ ಗಂಟಿನೊಂದಿಗೆ ಭೂಗೋಳ ಸುತ್ತುತ್ತಾರೆ. ಈ ಸಲ ಜಪಾನ್ ಎಂದಾಗ ನಾನು ಖಂಡಿತವಾಗಿ ನಿರಾಕರಿಸಿದೆ. ಪ್ರವಾಸೋದ್ಯಮವೆಂದರೆ ಸಂಸ್ಕೃತಿಯನ್ನು ಸರಕಾಗಿಸುವುದು, ವಿಮಾನವೆಂದರೆ ಹೊಗೆ ಎಂದು ಒಂದು ಸಣ್ಣ ಉಪನ್ಯಾಸವನ್ನೂ ಕೊಟ್ಟೆ. ಸುಶೀಲತ್ತಿಗೆ ಅದನ್ನು ಪೂರ್ತಿ ಕೇಳಿ, ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸದೆ, ಹೀಗೆಂದರು:

"ಹೆಣೆ ವನಜ, ನೀ ಬಂದ್ರೆ ನಂಗೊಂದ್ ಜೊತಿ ಆತ್ತ್. ನಿನ್ನಣ್ಣ ದನ ಬಿಟ್ಕಂಡ್ ಬತ್ರಾ? ಅಲ್ಲಿ ನೆಲ ಕೂಗತ್ತ್ ಅಂಬ್ರ್, ಹಕ್ಕಿ ಕೂಗ್ದಂಗೆ. ಕಾಲ್ ಸಮ ಇಪ್ಪತಿಗೆ ಅದ್ರ್ ಮೇಲ್ ಒಂದ್ ಸಲ ನಡೂಕ್."

ಕಾಲು ಸಮ ಇರುವಾಗ ಎಂದರಲ್ಲ, ಅದರಲ್ಲಿ ಸ್ವಲ್ಪ ಉತ್ಪ್ರೇಕ್ಷೆಯಿತ್ತು. ಅತ್ತಿಗೆಯ ಎಡಮೊಣಕಾಲು ಆಗಲೇ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತಿತ್ತು. ಆದರೂ ಅವರು ಯಾರದೋ ಮೊಬೈಲಿನಲ್ಲಿ ಆ ನೆಲದ ಕೂಗು ಕೇಳಿದ್ದರು. ಅರಮನೆಯೊಳಗೆ ಪಾದರಕ್ಷೆ ಬಿಟ್ಟು ಹೋಗಬೇಕೆಂದೂ ತಿಳಿದುಕೊಂಡಿದ್ದರು. ಅದಕ್ಕಾಗಿಯೇ ಕುಂದಾಪುರದ ಅಂಗಡಿಗೆ ಬಂದು, ಹುಟ್ಟಿದ ಮೇಲೆ ಮೊದಲ ಬಾರಿಗೆ, ಒಂದು ಜೊತೆ ಕಾಲುಚೀಲ ಕೊಂಡರು. ಕಡುಗೆಂಪು ಬಣ್ಣದ್ದು. ಅಂಗಡಿಯವನು ಕಪ್ಪು ತೋರಿಸಿದರೆ, ಅರಮನೆಗೆ ಹೋಗುವುದು, ಸಾವಿನ ಮನೆಗಲ್ಲ ಎಂದು ಹಿಂದಕ್ಕೆ ತಳ್ಳಿದರು. ಆ ಕಾಲುಚೀಲ ಚೀಟಿಯೂ ಹರಿಯದೆ ಅವರ ಕೈಚೀಲದಲ್ಲಿ ಸಮುದ್ರ ದಾಟಿತು. ಅವರ ಪಕ್ಕದಲ್ಲಿ ನಾನೂ ದಾಟಿದೆ, ಹೊಗೆಯ ಬಗ್ಗೆ ಆಗಾಗ ಕಿಟಕಿಯಾಚೆ ಖೇದದಿಂದ ನೋಡುತ್ತ.

ಕ್ಯೋಟೊ ನಗರದ ನಡುಭಾಗವನ್ನು ನೋಡಲು ನಮಗೆ ಇದ್ದದ್ದು ಒಂದು ದಿನ. ಅದು ಚದುರಂಗದ ಮಣೆಯ ಹಾಗೆ ಗೆರೆ ಎಳೆದು ಕಟ್ಟಿದ ಊರು. ಸಾವಿರ ವರ್ಷಕ್ಕೂ ಹಿಂದೆ ಚೀನಾದ ರಾಜಧಾನಿಯನ್ನು ನೋಡಿ ಬಂದವರು ಅದೇ ಮಾದರಿಯಲ್ಲಿ ಇದನ್ನು ಹಾಕಿದರಂತೆ. ಬೀದಿಗಳಿಗೆ ಮೂರನೆಯದು, ನಾಲ್ಕನೆಯದು ಎಂದೇ ಹೆಸರು. ಇಂಥ ಊರಿನಲ್ಲಿ ದಾರಿ ತಪ್ಪುವುದು ಕಷ್ಟ, ತಪ್ಪು ಹುಡುಕುವುದು ಇನ್ನೂ ಕಷ್ಟ. ಆದರೆ ನಾನು ಕಷ್ಟಕ್ಕೆ ಹೆದರುವವಳಲ್ಲ. ಬೆಳಗಿನ ಉಪಾಹಾರ ಜೀರ್ಣವಾಗುವುದರೊಳಗೆ ಹಲವು ಅನ್ಯಾಯಗಳನ್ನು ಪತ್ತೆ ಮಾಡಿದೆ. ಒಂದೊಂದು ಬಾಳೆಹಣ್ಣಿಗೂ ಪ್ರತ್ಯೇಕ ಪ್ಲಾಸ್ಟಿಕ್ ಹೊದಿಕೆ. ಕಸದ ಬುಟ್ಟಿ ಎಲ್ಲಿಯೂ ಇಲ್ಲ. ದಣಿದವರಿಗೆ ಕೂರಲು ಬೆಂಚಿಲ್ಲ. ಸ್ಥಳೀಯರು ಕೆಲಸಕ್ಕೆ ಹೋಗುವ ಬಸ್ಸಿನಲ್ಲಿ ಅವರಿಗೇ ಜಾಗವಿಲ್ಲದಂತೆ ಪ್ರವಾಸಿಗಳು ತುಂಬಿಕೊಂಡಿದ್ದಾರೆ. ಈ ಕೊನೆಯ ಅನ್ಯಾಯವನ್ನು ನಾನು ಗಟ್ಟಿಯಾಗಿ ಖಂಡಿಸಿದ್ದು, ನಮ್ಮ ಬಾಡಿಗೆ ಬಸ್ಸು ಹೋಗದ ಬೀದಿಗೆಂದು ನಾವೂ ಹತ್ತಿದ್ದ ಅಂಥದೇ ಒಂದು ಬಸ್ಸಿನಲ್ಲಿ, ಒಬ್ಬ ಮುದುಕನ ಕೊಡೆಯನ್ನು ಗೊತ್ತಿಲ್ಲದೆ ತುಳಿದುಕೊಂಡು ನಿಂತು.

ಒಂದು ಕಡೆ ಕಾಲುದಾರಿಯಲ್ಲಿ ಬುಟ್ಟಿಯಗಲದ ಗುಂಡಿ ತೋಡಿದ್ದರು. ಅದರ ಆ ಬದಿಗೊಬ್ಬರು, ಈ ಬದಿಗೊಬ್ಬರು, ಸಮವಸ್ತ್ರ ತೊಟ್ಟ ಇಬ್ಬರು ವೃದ್ಧರು ನಿಂತು, ಹೋಗಿ ಬರುವವರಿಗೆಲ್ಲ ತಲೆಬಾಗಿ ಕ್ಷಮೆ ಕೇಳುತ್ತ ದಾರಿ ತೋರುತ್ತಿದ್ದರು. ಈ ಇಳಿವಯಸ್ಸಿನಲ್ಲಿ ಇವರನ್ನು ಬಿಸಿಲಿಗೆ ನಿಲ್ಲಿಸಿದವರು ಯಾರು, ಇವರಿಗೆ ಪಿಂಚಣಿ ಇದೆಯೇ ಎಂದು ನಾನು ನಮ್ಮ ಮಾರ್ಗದರ್ಶಿ ಮಿಚಿಕೊ ಅವರನ್ನು ವಿಚಾರಿಸಿದೆ. ಮಿಚಿಕೊ ಅಲ್ಲಿಯವರೇ ಆದ ನಡುವಯಸ್ಸಿನ ಹೆಂಗಸು, ಕೈಯಲ್ಲಿ ಹಳದಿ ಬಾವುಟ, ಮುಖದಲ್ಲಿ ಬತ್ತದ ವಿನಯ. ತನಗೆ ತಿಳಿಯದು, ತಿಳಿದುಕೊಂಡು ಹೇಳುತ್ತೇನೆ ಎಂದು ಅವರು ಇಂಗ್ಲಿಷಿನಲ್ಲಿ ಹೇಳಿ ನನ್ನ ಪ್ರಶ್ನೆಯನ್ನು ಬರೆದುಕೊಂಡರು. ಸುಶೀಲತ್ತಿಗೆಗೆ ಆಶ್ಚರ್ಯವಾದದ್ದೇ ಬೇರೆ.

"ಒಂದ್ ಗುಂಡಿಗ್ ಇಬ್ರ್ ಕಾವಲಾ! ನಮ್ಮಲ್ ಆರೆ ಒಂದ್ ಸೊಪ್ಪಿನ್ ಗೆಲ್ಲ್ ಕುತ್ತಿ ಇಟ್ರೆ ಮಳ್ಗಾಲ ಕಳೀತ್ತ್."

"ಟೀಚರೇ, ಚಲೋ ಚಲೋ," ಎಂದರು ಹಿಂದಿನಿಂದ ಚಂದ್ರಣ್ಣ. "ಇದ್ ನಮ್ಮೂರ್ ಅಲ್ಲ ಮರ್ರೆ. ಇಲ್ಲಿ ಯಾರಿಗಂದ್ಹೇಳಿ ಅರ್ಜಿ ಕೊಡ್ತ್ರಿ?"

ನಿಶಿಕಿ ಎಂಬ ಇಕ್ಕಟ್ಟಾದ ಮಾರುಕಟ್ಟೆಯ ಬೀದಿಯಲ್ಲಿ ನಮ್ಮ ಗುಂಪಿನ ಮೇಲೆ ಯಾರ ಹಿಡಿತವೂ ಉಳಿಯಲಿಲ್ಲ. ಕಾರಣ ಮೀನು. ಅತ್ತಿಗೆ ಒಂದು ಅಂಗಡಿಯ ಮುಂದೆ ನಿಂತು, ಒಳಗಿದ್ದವನನ್ನು "ಹ್ವಾಯ್, ಇದ್ ಇವತ್ತಿನದ್ದಾ, ನಿನ್ನಿದಾ?" ಎಂದು ಕೇಳಿಯೇ ಕೇಳಿದರು. ಅವನು ಜಪಾನಿಯಲ್ಲಿ ಏನೋ ಉದ್ದಕ್ಕೆ ಉತ್ತರಿಸಿದ. ಅತ್ತಿಗೆ ನನ್ನತ್ತ ತಿರುಗಿ, "ಸುಳ್ಳ್ ಹೇಳ್ತ," ಎಂದು ತೀರ್ಪು ಕೊಟ್ಟು ಮುಂದೆ ನಡೆದರು. ಅಲ್ಲಿಂದ ಹೊರಬರುವಾಗ ನಾವು ಹಾಕಿಕೊಂಡ ವೇಳೆಗಿಂತ ಸ್ವಲ್ಪ ಹಿಂದಿದ್ದೆವು, ಹೆಚ್ಚಲ್ಲ. ಕೋಟೆಯ ಅರಮನೆಗೆ ಸಂಜೆ ನಾಲ್ಕರ ನಂತರ ಯಾರನ್ನೂ ಒಳಗೆ ಬಿಡುವುದಿಲ್ಲ, ನಡುವೆ ಒಂದು ಹಳೆಯ ಮನೆಯ ತೋಟವನ್ನು ಬೇಗ ನೋಡಿ ಮುಗಿಸೋಣ ಎಂದರು ಮಿಚಿಕೊ. ಅತ್ತಿಗೆ ಕೈಚೀಲವನ್ನು ಒಮ್ಮೆ ಮುಟ್ಟಿ ನೋಡಿಕೊಂಡರು.

ಕ್ಯೋಟೊ ನಡುಪೇಟೆಯ ಹಳೆಯ ಮನೆಗಳ ಮುಖ ಕಿರಿದು, ಒಳಗು ಉದ್ದ. ಹಾವುಮೀನಿನ ಹಾಸಿಗೆ ಎಂದು ಅಲ್ಲಿಯವರೇ ಅವುಗಳನ್ನು ಕರೆಯುತ್ತಾರೆ. ಹಿಂದೆ ಬೀದಿಗೆ ಮುಖಮಾಡಿದ ಅಗಲವನ್ನು ನೋಡಿ ತೆರಿಗೆ ಹಾಕುತ್ತಿದ್ದುದರಿಂದ ಜನ ಹೀಗೆ ಕಟ್ಟಿಕೊಂಡರು ಎಂಬ ಮಾತಿದೆ. ತೆರಿಗೆಯ ಅವೈಜ್ಞಾನಿಕತೆ ವಾಸ್ತುವನ್ನು ಹೇಗೆ ವಿರೂಪಗೊಳಿಸುತ್ತದೆ ಎಂದು ನಾನು ಪಕ್ಕದವರಿಗೆ ವಿವರಿಸುತ್ತಿರುವಾಗಲೇ ನಾವು ಮನೆಯನ್ನು ಬಳಸಿ ಹಿಂದಿನ ತೋಟಕ್ಕೆ ಬಂದಿದ್ದೆವು. ಹಾವಸೆಯ ನಡುವೆ ಹೆಜ್ಜೆಗೊಂದರಂತೆ ಚಪ್ಪಟೆ ಕಲ್ಲು ಹಾಸಿದ ದಾರಿ. ಆಗಷ್ಟೇ ನೀರು ಚಿಮುಕಿಸಿದ್ದರು. ಹಾಸುಗಲ್ಲನ್ನು ಅನುಸರಿಸಿ ನಿಧಾನವಾಗಿ ಬನ್ನಿ ಎಂದು ಹೇಳಿ ಮಿಚಿಕೊ ಟಿಕೆಟಿನ ವ್ಯವಹಾರಕ್ಕೆಂದು ಮುಂಬಾಗಿಲ ಕಡೆಗೆ ಹೋದರು. ನಾನು ಮುಂದಾಳಾದೆ. ಯಾರೂ ನೇಮಿಸಲಿಲ್ಲ, ನಾಯಕತ್ವ ನನ್ನ ಮಟ್ಟಿಗೆ ಯಾವಾಗಲೂ ಒಂದು ಅಭ್ಯಾಸದೋಷ.

ಸ್ವಲ್ಪ ದೂರ ಹೋದ ಮೇಲೆ ದಾರಿ ಎರಡಾಗಿ ಕವಲೊಡೆಯಿತು. ಎಡದ ದಾರಿ ಖಾಲಿಯಾಗಿತ್ತು. ಬಲದ ದಾರಿಯ ಮೊದಲ ಹಾಸುಗಲ್ಲಿನ ಮೇಲೆ, ಸರಿಯಾಗಿ ನಟ್ಟನಡುವೆ, ತೆಂಗಿನಕಾಯಿ ಗಾತ್ರದ ಒಂದು ಕಲ್ಲು ಕುಳಿತಿತ್ತು.

ಓದುಗರು ಈಗ ನನ್ನ ಸ್ಥಿತಿಯನ್ನು ಕಲ್ಪಿಸಿಕೊಳ್ಳಬೇಕು. ನನ್ನ ಹಿಂದೆ ಮೊಣಕಾಲು ನೋವಿನ ಅತ್ತಿಗೆ. ಅವರ ಹಿಂದೆ ಬ್ರಹ್ಮಾವರದ ಇಬ್ಬರು ಅಜ್ಜಿಯಂದಿರು. ನೆಲ ಒದ್ದೆ. ದಾರಿಯ ಮಧ್ಯೆ ಕಲ್ಲು. ಸಿದ್ದಾಪುರದ ರಸ್ತೆಯಲ್ಲಿ ನಾನು ಪಡೆದ ದೀರ್ಘ ತರಬೇತಿಯೆಲ್ಲ ಈ ಒಂದು ಕ್ಷಣಕ್ಕಾಗಿಯೇ ಎನ್ನುವಂತೆ ನನ್ನ ಕೈ ತಾನಾಗಿ ಸೆರಗನ್ನು ಸಿಕ್ಕಿಸಿತು. ಆ ಕಲ್ಲಿಗೆ ಕಪ್ಪು ಹಗ್ಗವನ್ನು ಅಡ್ಡಡ್ಡ ಉದ್ದುದ್ದ ಸುತ್ತಿ, ಮೇಲ್ಗಡೆ ಹಿಡಿಕೆಯ ಹಾಗೆ ಗಂಟು ಹಾಕಿದ್ದರು. ಎತ್ತುವವರಿಗೆ ಅನುಕೂಲವಾಗಲೆಂದು ಹಗ್ಗ ಕಟ್ಟಿ, ಆದರೆ ಎತ್ತುವ ಶ್ರಮವನ್ನು ಮಾತ್ರ ತೆಗೆದುಕೊಳ್ಳದೆ ಹೋಗಿದ್ದಾರಲ್ಲ ಎಂದು ಮನಸ್ಸಿನಲ್ಲೇ ಆ ಅಪರಿಚಿತ ಕೆಲಸಗಳ್ಳನನ್ನು ಖಂಡಿಸುತ್ತ, ಹಿಡಿಕೆ ಹಿಡಿದು, ಕಲ್ಲನ್ನು ಜರಿಗಿಡದ ಬುಡದಲ್ಲಿಟ್ಟೆ. ಕೈ ಕೊಡವಿಕೊಂಡು, "ಬನ್ನಿ, ದಾರಿ ಸಮ ಆಯ್ತ್," ಎಂದೆ.

"ಕಲ್ಲ್ ಟೀಚರ್ ಇಲ್ಲೂ ಬಿಡುದಿಲ್ಲ," ಎಂದು ಯಾರೋ ನಕ್ಕರು. ಒಂದು ಬಸ್ಸಿನ ಜನ ನನ್ನ ಹಿಂದೆ ಬಲಕ್ಕೆ ತಿರುಗಿತು.

ಆ ಕಲ್ಲಿನ ವಿಷಯ ನನಗೆ ತಿಳಿದದ್ದು ಆಮೇಲೆ. ಅದಕ್ಕೆ 'ಸೆಕಿಮೊರಿ ಇಶಿ' ಎನ್ನುತ್ತಾರೆ. ಗಡಿ ಕಾಯುವ ಕಲ್ಲು ಎಂದು ಅರ್ಥ. ಚಹಾಗೋಷ್ಠಿ ನಡೆಯುವ ತೋಟದಲ್ಲಿ, ಅತಿಥಿಗಳು ಯಾವ ಕವಲಿಗೆ ಹೋಗಬಾರದೋ ಅಲ್ಲಿ ಮನೆಯವರು ಇಂಥದೊಂದು ಕಲ್ಲನ್ನು ಇಡುತ್ತಾರೆ. ಬೇಲಿಯಿಲ್ಲ, ಬೀಗವಿಲ್ಲ, ಬೋರ್ಡಿಲ್ಲ. ದಾಟಬೇಕೆಂದರೆ ಕೋಳಿಮರಿಯೂ ದಾಟೀತು. ಆದರೆ ಅದನ್ನು ಯಾರೂ ದಾಟುವುದಿಲ್ಲ, ಏಕೆಂದರೆ ಅದು ತಡೆಯುವುದಿಲ್ಲ, ಕೇಳಿಕೊಳ್ಳುತ್ತದೆ. ನೂರಾರು ವರ್ಷಗಳಿಂದ ಆ ದೇಶದ ಸೇನಾಪತಿಗಳೂ ವ್ಯಾಪಾರಿಗಳೂ ಸನ್ಯಾಸಿಗಳೂ ಅಂಥ ಕಲ್ಲಿನ ಮುಂದೆ ನಿಂತು, ಅರ್ಥ ಮಾಡಿಕೊಂಡು, ಹಿಂದೆ ಸರಿದಿದ್ದಾರೆ. ಅದನ್ನು ಟ್ರಾಫಿಕ್ ಅಡಚಣೆಯೆಂದು ಭಾವಿಸಿ ತೆರವುಗೊಳಿಸಿದ ಕೀರ್ತಿ ಕುಂದಾಪುರಕ್ಕೆ ಸಲ್ಲಬೇಕು.

ಬಲದ ದಾರಿ ಒಂದು ಸಣ್ಣ ಮಣ್ಣುಗೋಡೆಯ ಗುಡಿಸಲಿಗೆ ಹೋಗಿ ಮುಗಿಯಿತು. ಹೊರಗೆ ಒಂದು ಕಲ್ಲಿನ ಬಳಿ ಕೆಲವು ಜೊತೆ ಹುಲ್ಲಿನ ಚಪ್ಪಲಿ. ಒಳಗೆ ನೀರು ಕುದಿಯುವ ಸಣ್ಣ ಸದ್ದು.

"ಊಟಕ್ಕ್ ಕೂಕಂಡಿದ್ರ್ ಕಾಣತ್ತ್," ಎಂದರು ಬ್ರಹ್ಮಾವರದ ಅಜ್ಜಿಯರಲ್ಲಿ ಒಬ್ಬರು, ದನಿ ತಗ್ಗಿಸಿ.

ಸುಶೀಲತ್ತಿಗೆಯ ಮುಖ ಅರಳಿತು. "ಕೂಗು ನೆಲ ಇದೇ ಅಲ್ದಾ ಹೆಣೆ? ಮೆಟ್ಟ್ ಎಲ್ಲ ಹೊರ್ಗ್ ಬಿಟ್ಟಿರ್ ಕಾಣ್."

ಅಲ್ಲ ಎಂದು ಹೇಳುವಷ್ಟು ಮಾಹಿತಿ ನನ್ನಲ್ಲಿರಲಿಲ್ಲ. ಇಲ್ಲದ ಮಾಹಿತಿಯನ್ನು ಇಲ್ಲ ಎಂದು ಒಪ್ಪಿಕೊಳ್ಳುವ ರೂಢಿಯೂ ನನಗಿಲ್ಲ. ನಾನು ಗಂಭೀರವಾಗಿ ಚಪ್ಪಲಿ ಕಳಚಿದೆ, ನನ್ನನ್ನು ನೋಡಿ ಉಳಿದವರೂ ಕಳಚಿದರು. ಅತ್ತಿಗೆ ಒಂದು ಬಂಡೆಯ ಮೇಲೆ ಕುಳಿತು, ಎಡಗಾಲನ್ನು ಎರಡೂ ಕೈಯಿಂದ ಎತ್ತಿ ಬಲಗಾಲಿನ ಮೇಲಿಟ್ಟು, ಕೈಚೀಲದಿಂದ ಕೆಂಪು ಕಾಲುಚೀಲ ತೆಗೆದು, ಚೀಟಿ ಹರಿದು, ಒಂದೊಂದಾಗಿ ಹಾಕಿಕೊಂಡು ಎದ್ದು ನಿಂತರು. ಮೊದಲ ಹೆಜ್ಜೆಗೇ ಹಾವಸೆಯ ಮೇಲಿನ ನೀರೆಲ್ಲ ಅದರೊಳಗೆ ಹೋಯಿತು. ಅತ್ತಿಗೆ ಕೆಳಗೆ ನೋಡಿದರು, ಕಿವಿಗೊಟ್ಟರು. ನೆಲ ಕೂಗಲಿಲ್ಲ. ಕಾಲುಚೀಲ ಮಾತ್ರ ಪಚಕ್ ಎಂದಿತು.

ಆಗಲೇ ಗುಡಿಸಲಿನ ಪುಟ್ಟ ಬಾಗಿಲು ಸರಿಯಿತು. ಒಬ್ಬ ವೃದ್ಧರು ಮೊಣಕಾಲೂರಿ ಹೊರಗೆ ನೋಡಿದರು. ಚಪ್ಪಲಿ ಬಿಟ್ಟು, ಕೈಕಟ್ಟಿಕೊಂಡು, ಏನನ್ನೋ ನಿರೀಕ್ಷಿಸುತ್ತ ನಿಂತಿರುವ ನಮ್ಮ ಬಸ್ಸಿನ ಜನ ಅವರಿಗೆ ಕಂಡಿತು. ಗದರಿಸಿದ್ದರೆ ನಾನು ಉತ್ತರ ಕೊಡುತ್ತಿದ್ದೆ. ಗದರಿಸುವವರೊಡನೆ ವ್ಯವಹರಿಸುವುದು ನನಗೆ ಗೊತ್ತು. ಅವರು ನೆಲಕ್ಕೆ ಹಣೆ ತಾಗುವಂತೆ ಬಾಗಿದರು. ನಾವೂ ಬಾಗಿದೆವು. ಅವರು ಮತ್ತೊಮ್ಮೆ ಬಾಗಿದರು. ಚಂದ್ರಣ್ಣ ಮುಂದೆ ಬಂದು ಎಲ್ಲರ ಪರವಾಗಿ ಬಾಗಿದರು. ಯಾರು ಮೊದಲು ನಿಲ್ಲಿಸಬೇಕೆಂದು ಎರಡೂ ರಾಷ್ಟ್ರಗಳಿಗೆ ತಿಳಿಯಲಿಲ್ಲ.

"ಟೀಚರೇ, ಎಂತಾರೂ ಮಾಡಿ ಮರ್ರೆ," ಎಂದರು ಚಂದ್ರಣ್ಣ, ಬಾಗಿದಲ್ಲಿಂದಲೇ. "ಅವ್ರ್ ನಿಲ್ಸುದಿಲ್ಲ, ನಾ ನಿಲ್ಸುಕಾತಿಲ್ಲ, ನನ್ ಸೊಂಟ ಹೋಯ್ತ್."

ಮಿಚಿಕೊ ಬಾವುಟ ಹಿಡಿದು ಓಡಿಬಂದರು. ಕಲ್ಲು ಎಲ್ಲಿ ಎಂದು ಕೇಳಿದರು. ನಾನು, ಸತ್ಯವನ್ನು ಎಂದೂ ಮರೆಮಾಚದವಳು, ಅಡಚಣೆಯನ್ನು ತೆರವುಗೊಳಿಸಿದ್ದಾಗಿ ತಿಳಿಸಿದೆ. ಅವರ ಮುಖದ ವಿನಯ ಅಂದು ಮೊದಲ ಬಾರಿಗೆ ತುಸು ಕದಲಿತು.

ಇಲ್ಲಿಗೆ ನಿಂತಿದ್ದರೆ ಏನೂ ಕೆಡುತ್ತಿರಲಿಲ್ಲ. ಕ್ಷಮೆ ಕೇಳಿ, ಕಲ್ಲನ್ನು ಅದರ ಜಾಗದಲ್ಲಿಟ್ಟು ಹೊರಟಿದ್ದರೆ ಕೋಟೆಗೆ ಬೇಕಾದಷ್ಟು ಸಮಯವಿತ್ತು. 'ಕಲ್ಲಿನಿಂದಾಗಿ ತಡವಾಯಿತು' ಎಂದು ನಾನು ಊರಿನಲ್ಲಿ ಕೆಲವರಿಗೆ ಹೇಳಿದ್ದುಂಟು. ಅದು ಕಲ್ಲಿನ ಮೇಲೆ ಹೊರಿಸಿದ ಸುಳ್ಳು ಆರೋಪ. ತಡವಾದದ್ದು ನನ್ನ ಮನವಿಯಿಂದ.

ಕ್ಷಮೆ ಕೇಳಿದ ಮೇಲೆ ನಾನು ಒಂದು ಸಲಹೆ ಕೊಟ್ಟೆ. ಹೊರಗಿನವರಿಗೆ ಕಲ್ಲಿನ ಭಾಷೆ ತಿಳಿಯುವುದಿಲ್ಲವಾದ್ದರಿಂದ ಪಕ್ಕದಲ್ಲೊಂದು ಸೂಚನಾ ಫಲಕ ಹಾಕುವುದು ಸೂಕ್ತ ಎಂದೆ. ಮಿಚಿಕೊ ಅದನ್ನು ಜಪಾನಿಗೆ ತಿರುಗಿಸಿದರು. ಆ ವೃದ್ಧರು ಗುಡಿಸಲಿನಿಂದ ಇಳಿದು ಬಂದರು. ಮನೆಯೊಳಗಿನಿಂದ ಅವರ ಮಗಳನ್ನೂ ಮೊಮ್ಮಗನನ್ನೂ ಕರೆಸಲಾಯಿತು. ಅವರೆಲ್ಲ ನನ್ನ ಮುಂದೆ ಸಾಲಾಗಿ ನಿಂತು, ಕೈ ಮುಂದಕ್ಕೆ ಜೋಡಿಸಿಕೊಂಡು, ನಾನು ಹೇಳಿದ್ದನ್ನು ಕೇಳಿದರು. ಪ್ರತಿ ವಾಕ್ಯಕ್ಕೂ 'ಹೌದು, ಹೌದು' ಎಂದು ತಲೆಯಾಡಿಸಿದರು. ಕೊನೆಗೆ, ದಯವಿಟ್ಟು ಇನ್ನೊಮ್ಮೆ ವಿವರಿಸುವಿರಾ ಎಂದು ಕೇಳಿದರು.

ಇನ್ನೊಮ್ಮೆ ವಿವರಿಸುವಿರಾ! ನನ್ನ ಜೀವಮಾನದಲ್ಲಿ ಯಾವ ಕಚೇರಿಯ ಯಾವ ಮೇಜಿನ ಹಿಂದಿನಿಂದಲೂ ಈ ಮಾತು ಬಂದಿರಲಿಲ್ಲ. ನಮ್ಮಲ್ಲಿ ನಾನು ಕುಳಿತು 'ವಿಷಯ' ಎನ್ನುವಷ್ಟರಲ್ಲಿ ಎದುರಿನವರಿಗೆ ಮೀಟಿಂಗು ನೆನಪಾಗುತ್ತದೆ. ಇಲ್ಲಿ ನನ್ನ ಮಾತಿಗಾಗಿ ಕಾಯುತ್ತಿದ್ದಾರೆ, ಮೂರು ತಲೆಮಾರಿನ ಮನೆಯವರು, ನೀರು ಕುದಿದು ಆರುವುದನ್ನೂ ಲೆಕ್ಕಿಸದೆ! ನಾನು ವಿವರಿಸಿದೆ. ಹಿನ್ನೆಲೆ ಬೇಕಲ್ಲವೇ ಎಂದು ಸಿದ್ದಾಪುರದ ರಸ್ತೆಯನ್ನು ವಿವರಿಸಿದೆ. ಲಾರಿ ಚಕ್ರದ ಕಲ್ಲನ್ನು ವಿವರಿಸಿದೆ. ಅಲ್ಲಿಂದ ಹೆದ್ದಾರಿಯ ಬದಿಯ ಚರಂಡಿ, ಚರಂಡಿಯಿಂದ ಕೋಡಿಯ ಕಡಲತೀರದ ಕಸ. ಮಿಚಿಕೊ ಬೆವರು ಒರೆಸಿಕೊಳ್ಳುತ್ತ ತಿರುಗಿಸುತ್ತಲೇ ಇದ್ದರು. ಅವರು ಕೇಳುತ್ತಲೇ ಇದ್ದರು.

"ಹೆಣೆ ವನಜ, ಗಂಟಿ ಎಷ್ಟಾಯ್ತ್ ಕಾಣ್," ಎಂದರು ಅತ್ತಿಗೆ ಬಂಡೆಯ ಮೇಲಿಂದ.

"ಒಂದೇ ನಿಮಿಷ ಅತ್ತಿಗೆ."

"ನಿನ್ ಒಂದ್ ನಿಮಿಷ ನಂಗ್ ಗೊತ್ತಿಲ್ಯಾ? ಕೋಟಿ ಬಾಗ್ಲ್ ಹಾಕ್ತ್ರ್ ಹೆಣೆ."

"ಆಯ್ತ್ ಆಯ್ತ್, ಬೇಡಿಕೆ ಒಂದ್ ಹೇಳಿ ಮುಗಿಸ್ತೆ."

ಬೇಡಿಕೆಯನ್ನು ಹೇಳಿದೆ. ಅವರು ಕೃತಜ್ಞತೆ ಹೇಳಿದರು. ಎಲ್ಲರೂ ಮತ್ತೆ ಬಾಗಿದೆವು. ಹೊರಡುವ ಮುನ್ನ ಆ ವೃದ್ಧರು ಜರಿಗಿಡದ ಬುಡದಿಂದ ಕಲ್ಲನ್ನು ಎರಡು ಕೈಯಿಂದ ಎತ್ತಿ, ಹಗ್ಗದ ಮೇಲಿನ ಮಣ್ಣನ್ನು ಒರೆಸಿ, ಕವಲಿನಲ್ಲಿಟ್ಟರು. ಅವರು ನನ್ನ ಮಾತನ್ನು ಅಷ್ಟು ಹೊತ್ತು ಕೇಳಿದ್ದು ಒಪ್ಪಿಗೆಯಿಂದಲೋ, ಮನೆಗೆ ಬಂದವಳ ಮಾತನ್ನು ನಡುವೆ ತುಂಡರಿಸಲಾರದ ಸಂಕೋಚದಿಂದಲೋ ಎಂಬ ಸಂಶಯ ನನಗೆ ಬಂದದ್ದು ಬಸ್ಸು ಹತ್ತಿದ ಮೇಲೆ. ಒಂದು ಕಟ್ಟಿದ ಕಲ್ಲು ನನ್ನ ಮುಂದೆಯೂ ಎಲ್ಲೋ ಇದ್ದಿರಬೇಕು. ನಾನು ಅದನ್ನೂ ನೋಡಲಿಲ್ಲ.

ನಾವು ಕೋಟೆಯ ಬಾಗಿಲಿಗೆ ಹೋದಾಗ ಒಳಗೆ ಬಿಡುವುದು ಆಗಷ್ಟೇ ನಿಂತಿತ್ತು. ಕಾವಲಿನವನು ಗಡಿಯಾರ ತೋರಿಸಿ, ನೊಂದುಕೊಂಡು, ಬಾಗಿದ. ಈ ಸಲ ನಮ್ಮಲ್ಲಿ ಯಾರೂ ಬಾಗಲಿಲ್ಲ. ಮರುದಿನ ಬೆಳಗ್ಗೆಯೇ ನಮ್ಮ ರೈಲು.

ಅತ್ತಿಗೆ ಬೈಯಲಿಲ್ಲ. ಕಂದಕದ ಬದಿಯ ಕಟ್ಟೆಯ ಮೇಲೆ ಕುಳಿತು ಒದ್ದೆ ಕಾಲುಚೀಲ ತೆಗೆದು ಹಿಂಡಿದರು. ಕೆಂಪು ಬಣ್ಣ ಸ್ವಲ್ಪ ಬಿಟ್ಟಿತ್ತು. "ಹೊರ್ಗಿಂದೂ ಚೆಂದ ಇತ್ ಅಲ್ದಾ," ಎಂದರು, ಯಾರಿಗೂ ಅಲ್ಲದ ಹಾಗೆ. ಬೈದಿದ್ದರೆ ನಾನು ಸಮರ್ಥಿಸಿಕೊಳ್ಳುತ್ತಿದ್ದೆ. ಬೈಯದ ಕಾರಣ ಸಮಾಧಾನ ಹೇಳಲು ಹೊರಟೆ. ನನ್ನ ಸಮಾಧಾನಕ್ಕೂ 'ಉಲ್ಲೇಖ' ಇರುತ್ತದೆ. ಆ ನೆಲವೆಂದರೆ ವಾಸ್ತವವಾಗಿ ಊಳಿಗಮಾನ್ಯ ವ್ಯವಸ್ಥೆಯ ಗೂಢಚರ್ಯೆ ಎಂದೆ. ನಾನೂರು ವರ್ಷದ ಹಿಂದೆ ದೇಶವನ್ನೆಲ್ಲ ಗೆದ್ದ ಸೇನಾಧಿಪತಿಯೊಬ್ಬ ಸ್ವಂತ ಮನೆಯಲ್ಲಿ ನಿದ್ದೆ ಬಾರದೆ, ಕಳ್ಳಹೆಜ್ಜೆ ಕೇಳಲೆಂದು ಕೂಗುವ ನೆಲ ಮಾಡಿಸಿದ ಎನ್ನುತ್ತಾರೆ. ಅದನ್ನು ಕಟ್ಟಲು ಬೆವರು ಸುರಿಸಿದವರ ಹೆಸರು ಎಲ್ಲಿಯೂ ಇಲ್ಲ. ಅಂಥ ಭಯದ ಮೇಲೆ ನಡೆದು ನಾವು ಪಡೆಯುವುದೇನು?

"ನೀ ಹೇಳುದ್ ಎಲ್ಲ ಸಮ ಇಪ್ಪುಕೂ ಸಾಕ್," ಎಂದರು ಅತ್ತಿಗೆ. "ಆರೆ ನಾ ಬಂದದ್ದ್ ಕೂಗ್ ಕೇಂಬುಕೆ."

ಹಿಂಡಿದ ಕಾಲುಚೀಲವನ್ನು ಮಡಚಿ ಕೈಚೀಲಕ್ಕೆ ಹಾಕಿದರು. ಆಮೇಲೆ ಅವರ ಬಾಯಿಯ ಬದಿಯಲ್ಲಿ ಏನೋ ಅಲುಗಿತು.

"ಅದ್ಕೆ ಇಷ್ಟ್ ದೂರ ಬಪ್ಪುದೇ ಬೇಡ ಇದ್ದಿತ್ ಹೆಣೆ. ಹೆಜ್ಜಿ ಇಟ್ಟಲ್ಲೆಲ್ಲ ಕೂಗುಕೆ ಮನಿಯಗೇ ನೀ ಇದ್ಯಲೆ."

ಚಂದ್ರಣ್ಣ ನಕ್ಕ ನಗೆಗೆ ಕಂದಕದ ಬಾತುಗಳು ಎದ್ದುಹೋದವು. ಹೋಟೆಲು ಸೇರುವುದರೊಳಗೆ ಆ ಮಾತು ಬಸ್ಸಿನ ಕೊನೆಯ ಸೀಟಿಗೆ ತಲಪಿತ್ತು.

ಆ ನೆಲದ ಬಗ್ಗೆ ಇನ್ನೊಂದು ಅಭಿಪ್ರಾಯವೂ ಇದೆ. ಅದರ ಕೂಗನ್ನು ಯಾರೂ ಉದ್ದೇಶಪಟ್ಟು ಮಾಡಲಿಲ್ಲ. ಹಲಗೆಯ ಅಡಿಯ ಕಬ್ಬಿಣದ ಹಿಡಿಕೆಗಳೂ ಮೊಳೆಗಳೂ ಕಾಲಕ್ರಮದಲ್ಲಿ ಸಡಿಲಗೊಂಡು ಒಂದಕ್ಕೊಂದು ತಿಕ್ಕಾಡಿ ಆ ಸದ್ದು ಬರುತ್ತದೆ ಎಂದು ತಿಳಿದವರು ಹೇಳುತ್ತಾರೆ. ನನ್ನ ಬಗ್ಗೆಯೂ ಊರಿನಲ್ಲಿ ಎರಡು ಅಭಿಪ್ರಾಯಗಳಿವೆ. ಕಾವಲಿಗೆಂದೇ ಕೂಗುತ್ತಾಳೆ ಎನ್ನುವವರು ಕೆಲವರು. ಎಲ್ಲೋ ಒಂದು ಮೊಳೆ ಸಡಿಲವಾಗಿದೆ ಎನ್ನುವವರು ಬಹುಮಂದಿ. ಎರಡರಲ್ಲಿ ಯಾವುದು ನಿಜವಾದರೂ ಪರಿಣಾಮ ಒಂದೇ. ಎಚ್ಚರಿಸಲೆಂದು ಹುಟ್ಟಿದ ಸದ್ದು ನಿತ್ಯ ಕೇಳಿ ಕೇಳಿ ಸಂಗೀತವಾಗಿಬಿಡುತ್ತದೆ. ಕೇಳುವವರು ಚೆನ್ನಾಗಿದೆ ಎನ್ನುತ್ತಾರೆ, ಎದ್ದು ನೋಡುವುದಿಲ್ಲ. ನಾನು ಕಚೇರಿಯ ಮೆಟ್ಟಿಲು ಹತ್ತುವಾಗ ಒಳಗಿನವರು ಮುಗುಳ್ನಗುವುದರ ಅರ್ಥ ಕ್ಯೋಟೊದ ಕಂದಕದ ಬದಿಯಲ್ಲಿ ನನಗೆ ಹೊಳೆಯಿತು.

ಊರಿಗೆ ಬಂದ ಮೇಲೆ ಕೊಕ್ಕರ್ಣೆಯ ಹೆಂಗಸರು ಅತ್ತಿಗೆಯನ್ನು ಕೇಳಿದರಂತೆ, ಕೂಗುವ ನೆಲ ಕಂಡಿರಾ ಎಂದು. "ಕಾಂಬುಕ್ ಆಯಿಲ್ಲ. ನಮ್ ವನಜ ಅಲ್ಲೊಂದ್ ಕಲ್ಲ್ ಎತ್ತ್ ಹಾಕ್ಳ್," ಎಂದಷ್ಟೇ ಹೇಳಿದ್ದಾರೆ. ಅಲ್ಲಿಂದ ಮುಂದಕ್ಕೆ ಕಥೆ ತನ್ನ ಕಾಲಿನ ಮೇಲೆ ತಾನೇ ನಡೆದಿದೆ. ಬೈಂದೂರಿಗೆ ತಲಪುವಾಗ ನಾನು ಎತ್ತಿದ್ದು ದೇವಸ್ಥಾನದ ಮೂರ್ತಿಯಾಗಿತ್ತು.

ಮೊನ್ನೆ ನಾನು ಕೊಕ್ಕರ್ಣೆಗೆ ಹೋಗಿದ್ದೆ. ಅಂಗಳದ ಹಗ್ಗದ ಮೇಲೆ ಆ ಕೆಂಪು ಕಾಲುಚೀಲ ಒಣಗಲು ಹಾಕಿತ್ತು. ಮಳೆಗಾಲದ ಬೂಷ್ಟು ಹಿಡಿಯಬಾರದೆಂದು ಆಗಾಗ ಬಿಸಿಲಿಗೆ ಹಾಕುತ್ತಾರಂತೆ. ಊರಿನಲ್ಲಿ ಅದನ್ನು ಒಂದು ದಿನವೂ ತೊಟ್ಟಿಲ್ಲ. ನಾನು ಅದನ್ನೇ ನೋಡುವುದನ್ನು ಕಂಡು ಅತ್ತಿಗೆ ಮೊಣಕಾಲಿಗೆ ಎಣ್ಣೆ ತಿಕ್ಕುತ್ತ ಹೇಳಿದರು: "ಇನ್ನೊಂದ್ ಸಲ ಆರೆ ಹೋಪುಕ್ ಅಕ್ಕ್. ಆಮೇಲ್ ಈ ಕಾಲ್ ಹೇಳ್ದಂಗ್ ಕೇಂತಿಲ್ಲ."

ನನಗೆ ತಿಳಿದ ಹಾಗೆ ಇದುವರೆಗೆ ಅವರು ನನ್ನ ಮುಂದೆ ಇಟ್ಟ ಏಕೈಕ ಮನವಿ ಇದು. ವಿಷಯವಿಲ್ಲ, ಉಲ್ಲೇಖವಿಲ್ಲ, ಸಹಿಯೂ ಇಲ್ಲ. ಇದಕ್ಕೂ ಉತ್ತರ ಹೋಗದಿದ್ದರೆ ನಾನು ಬೈಯುತ್ತ ಬಂದ ಮೇಜುಗಳ ಹಿಂದೆ ನನಗೂ ಒಂದು ಕುರ್ಚಿ ಇದೆಯೆಂದು ಅರ್ಥ.

ಆದುದರಿಂದ, ಮುಂದಿನ ವಸಂತಕ್ಕೆ ಮತ್ತೆ ಜಪಾನಿಗೆ ಹೊರಡುವ ತಯಾರಿಯಲ್ಲಿರುವ ಬೈಂದೂರಿನ ಚಂದ್ರಣ್ಣನವರೇ, ಹಾಗೂ ಈ ಪ್ರಕರಣದ ಮೊದಲ ಹೊಣೆಗಾರಳಾದ ನಿವೃತ್ತ ಶಿಕ್ಷಕಿ ವನಜಾ ಅವರೇ, ನಿಮ್ಮಿಬ್ಬರಲ್ಲಿ ನನ್ನ ಬೇಡಿಕೆ ಹೀಗಿದೆ. ಕ್ಯೋಟೊಗೆ ಹೋದ ದಿನ ಮೀನು ಮಾರುಕಟ್ಟೆಗೂ ಮೊದಲು, ತೋಟಕ್ಕೂ ಮೊದಲು, ನಿಜೊ ಕೋಟೆಯ ಬಾಗಿಲು ತೆರೆಯುವ ಹೊತ್ತಿಗೆ ಸುಶೀಲತ್ತಿಗೆ ಒಣಗಿದ ಕೆಂಪು ಕಾಲುಚೀಲ ತೊಟ್ಟು ಸಾಲಿನ ಮೊದಲಿಗರಾಗಿ ನಿಂತಿರಬೇಕು. ಅವರು ಆ ನೆಲದ ಮೇಲೆ ಎಷ್ಟು ನಿಧಾನವಾಗಿ ನಡೆದರೂ, ಎಷ್ಟು ಸಲ ಹಿಂದೆ ಬಂದು ಮತ್ತೆ ನಡೆದರೂ, ಯಾರೂ ಗಡಿಯಾರ ನೋಡಬಾರದು. ಅಷ್ಟು ಹೊತ್ತೂ ಮೇಲೆ ಹೇಳಿದ ಶಿಕ್ಷಕಿಯನ್ನು ಹೊರಗೆ ಬಸ್ಸಿನಲ್ಲಿಯೇ ಕೂರಿಸಿ, ಅವಳ ಸೀಟಿನ ಮುಂದೆ ಕಪ್ಪು ಹಗ್ಗ ಸುತ್ತಿದ ಒಂದು ಕಲ್ಲನ್ನು ಇಡತಕ್ಕದ್ದು. ಹಿಡಿಕೆ ಹಿಡಿದು ಎತ್ತಲು ಸುಲಭವಾಗಿದ್ದರೂ ಚಿಂತೆಯಿಲ್ಲ. ಈ ಸಲ ಅವಳು ಅದನ್ನು ಮುಟ್ಟುವುದಿಲ್ಲ.